ಕರೆಮ್ಮ ಮಾಡಿದ ದೇವರು

"ಕೆರ ತೆಗೀಬೇ! ಅಲ್ಲೇ ತೆಗಿ! ದೇವಿ ಜಾಗಕ್ಕ ಕೆರ ಮೆಟ್ಟಿಗೊಂಡು ಬರಾಕ ಇದೇನು ನಿಮ್ಮಪ್ಪನ ಹೊಲ ಅಂತ ತಿಳಿದೀಯೇನು?"

"ನಮ್ಮಪ್ಪಂದಲ್ಲ. ನಮ್ಮ ಮಾವಂದು" ಎಂದಳು ಕರೆಮ್ಮ.

ಬೇಲಿಯ ಬಾಯಿಗೆ ಕೋಲು ಹಿಡಿದು ನಿಂತಿದ್ದ ಮೈಲಾರಲಿಂಗಪ್ಪ ಕೋಲನ್ನು ಅಡ್ಡ ಮಾಡಿದ. ಅವಳು ಅಂದದ್ದು ನಿಜವೇ ಆಗಿತ್ತು. ಹೊಲ ಕರೆಮ್ಮನ ಮಾವನದೇ. ಹೋದ ಬೇಸಗೆಯವರೆಗೆ ಮೈಲಾರಲಿಂಗಪ್ಪನ ಕುರಿಗಳೂ ಇದೇ ಹೊಲದ ಬದುವಿನ ಜಾಲಿಕಾಯಿ ತಿಂದು ಜೀವ ಹಿಡಿದಿದ್ದವು. ಆಗ ಅವನು ಕರೆಮ್ಮನನ್ನು 'ಯಕ್ಕಾ' ಎಂದು ಕರೆಯುತ್ತಿದ್ದ. ಈಗ ಹಂಪಣ್ಣ ಸಾವ್ಕಾರ ಅವನಿಗೊಂದು ಹಳೆಯ ಕಾಕಿ ಅಂಗಿ ಕೊಟ್ಟು ದೇವಿಯ ಕಾವಲಿಗೆ ನಿಲ್ಲಿಸಿದ್ದ. ಅಂಗಿ ಮೈಗೆ ಬಿದ್ದ ದಿನವೇ ಯಕ್ಕ ಎಂಬ ಮಾತು ಅವನ ಬಾಯಿಂದ ಇಳಿದುಹೋಗಿತ್ತು.

"ಬಾಯಿಗೆ ಬಾಯಿ ಕೊಡಬ್ಯಾಡ ಬೋಸುಡಿ. ಕೇರಿ ಮಂದಿ ಬೇಲಿ ದಾಟಿದ್ರ ಕಾಲು ಮುರಿ ಅಂತ ಹೇಳ್ಯಾರ ಸಾವ್ಕಾರ್ರು."

"ಆಡಿಗೆ ಎಲ್ಡು ಟೊಂಗಿ ತಪ್ಪಲು ಕೊಯ್ಕೊಂಡು ಹೋಕ್ಕೀನಿ."

"ದೇವಿ ಗಿಡದ ತಪ್ಪಲಾ? ತಿಂದ ಆಡೂ ರಕ್ತ ಕಾರ್ತೈತಿ, ಕೊಯ್ದಾಕಿನೂ ರಕ್ತ ಕಾರ್ತಾಳ."

ಕೋಲಿನ ತುದಿಯಿಂದ ಅವಳ ತಲೆಯ ಮೇಲಿನ ಬುಟ್ಟಿಯನ್ನು ತಳ್ಳಿದ. ಬುಟ್ಟಿ ಉರುಳಿಕೊಂಡು ಹೋಗಿ ಮುಳ್ಳಿಗೆ ಸಿಕ್ಕಿತು. ಕರೆಮ್ಮ ಅದನ್ನು ಬಿಡಿಸಿಕೊಳ್ಳುತ್ತ ಬೇಲಿಯ ಆಚೆ ನೋಡಿದಳು. ಬದುವಿನುದ್ದಕ್ಕೂ ಅವಳ ಬೇವು, ಅವಳ ಜಾಲಿ, ಅವಳ ಹೊಂಗೆ. ನಡುವೆ ಬನ್ನಿ ಮರ, ಅದರ ಸುತ್ತ ಹೊಸ ಕಲ್ಲಿನ ಕಟ್ಟೆ. ಕಟ್ಟೆಯ ಮೇಲೆ ಅರಿಷಿಣ ಕುಂಕುಮ ಬಳಿದುಕೊಂಡು ಕುಳಿತಿದ್ದ ಆ ದೇವಿಯನ್ನು ನೋಡಿದರೆ ಅವಳಿಗೆ ಕೈ ಮುಗಿಯಬೇಕೆನಿಸುತ್ತಿರಲಿಲ್ಲ, ಕಪಾಳಕ್ಕೆ ಹೊಡೆಯಬೇಕೆನಿಸುತ್ತಿತ್ತು. ಯಾಕೆಂದರೆ ಆ ದೇವಿಯನ್ನು ಮಾಡಿದವಳು ಅವಳೇ.

ಮಸ್ಕಿ ಹಳ್ಳದ ದಂಡೆಯ ಆ ಹೊಲ ಮೊದಲು ಹಂಪಣ್ಣನ ಅಪ್ಪನದಾಗಿತ್ತು. ಕರೆಮ್ಮನ ಮಾವ ಅದನ್ನು ಕೋರಿಗೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಕರಾರಿಗೆ, ಮಾಡಿಕೊಂಡಿದ್ದ. ಉಳುವವನಿಗೆ ಭೂಮಿ ಎಂಬ ಕಾನೂನು ಬಂದಾಗ ಮುದುಕ ಅದು ಹೇಗೋ ಧೈರ್ಯ ಮಾಡಿ ಅರ್ಜಿ ಹಾಕಿದ, ಹೊಲ ಅವನ ಹೆಸರಿಗಾಯಿತು. ಹಂಪಣ್ಣನ ಅಪ್ಪ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಗರಸು ನೆಲ, ಕಾಗೆ ಕೂಡಲೂ ಒಂದು ಗಿಡವಿಲ್ಲ, ತಿಂದು ಸಾಯಲಿ ಎಂದಿದ್ದ.

ಗಿಡ ಒಂದಿತ್ತು. ಆಡು ಕುರಿ ಕಡಿದು ಕಡಿದು ಮೊಣಕಾಲೆತ್ತರಕ್ಕೇ ನಿಂತುಬಿಟ್ಟಿದ್ದ ಬನ್ನಿಯ ಮೋಟು. ಕರೆಮ್ಮನ ಅತ್ತೆ ಅಯ್ಯಮ್ಮ ಅದಕ್ಕೆ ಮುಳ್ಳು ಹಚ್ಚಿ, ಮಗುವಿನಂತೆ ಕಾದು, ಮರ ಮಾಡಿ ಸತ್ತಳು. ಆಮೇಲೆ ಸರಕಾರದವರು ಲಿಂಗಸುಗೂರಿನ ನರ್ಸರಿಯಿಂದ ಬಡವರಿಗೆ ಸಸಿ ಹಂಚಿ ಫೋಟೋ ಹೊಡೆಸಿಕೊಂಡು ಹೋದರು. ಫೋಟೋ ಮುಗಿದ ಮೇಲೆ ಉಳಿದವರು ಸಸಿಯ ಚೀಲಗಳನ್ನು ರಸ್ತೆಯ ಮಗ್ಗುಲಿಗೇ ಬಿಟ್ಟು ಬಸ್ಸು ಹತ್ತಿದರು. ಕರೆಮ್ಮ ತನ್ನವನ್ನೂ ಅವರವನ್ನೂ ಬಸ್ಸಿನ ಮೇಲೆ ಹೇರಿಕೊಂಡು ಬಂದಳು. ಹಳ್ಳದ ಉಸುಕಿನಲ್ಲಿ ವರತಿ ತೋಡಿ ಕೊಡದಲ್ಲಿ ನೀರು ಹೊತ್ತಳು. ಭತ್ತದ ನಾಟಿಗೆಂದು ಜವಳಗೇರಾ ಕಡೆ ಕೂಲಿಗೆ ಹೋದಾಗಲೂ ಅವಳ ಜೀವವೆಲ್ಲ ಈ ಬದುವಿನ ಮೇಲೆಯೇ ಇರುತ್ತಿತ್ತು.

ಮಳೆಗೆ ಹುಚ್ಚು ಹಿಡಿದ ವರ್ಷಗಳವು. ರೋಹಿಣಿ, ಮಿರಗ ಎಂದು ಹೆಸರು ಹೇಳಿ ಕರೆದರೆ ಬರುತ್ತಿದ್ದ ಮಳೆಗಳು ದಿಕ್ಕು ತಪ್ಪಿದವು. ಬಿತ್ತುವಾಗ ಬರುವುದಿಲ್ಲ, ರಾಶಿ ಮಾಡುವಾಗ ಬರುತ್ತದೆ. ಬಂದರೂ ದರೋಡೆಕೋರರಂತೆ ಬಂದು ಒಂದೇ ಏಟಿಗೆ ಹೊಲದ ಮೇಲ್ಮಣ್ಣನ್ನು ಬಾಚಿಕೊಂಡು ಹಳ್ಳಕ್ಕೆ ಇಳಿಯುತ್ತದೆ. ಉಳಿದ ದಿನವೆಲ್ಲ ಸುಡುಗಾಳಿ. ಹಂಪಣ್ಣ ಟ್ರ್ಯಾಕ್ಟರಿಗೆ ಅಡ್ಡವಾಗುತ್ತವೆಂದು ತನ್ನ ಬದುವಿನ ಗಿಡಗಳನ್ನೆಲ್ಲ ಸಿಂಧನೂರಿನ ಇಟ್ಟಂಗಿ ಭಟ್ಟಿಗೆ ಮಾರಿದ್ದ. ಅವನ ಎರೆಮಣ್ಣು ಮಳೆಯ ಜೊತೆ ಹರಿದು ಬಂದು ಕರೆಮ್ಮನ ಗಿಡದ ಸಾಲಿಗೆ ತಡೆದು ನಿಲ್ಲತೊಡಗಿತು. ಸಾವ್ಕಾರನ ಹತ್ತಿ ಒಣಗಿ ಕಡ್ಡಿಯಾದಾಗ ಕೇರಿಯವಳ ಬಿಳಿಜೋಳ ಎದೆಯೆತ್ತರಕ್ಕೆ ನಿಂತಿತ್ತು. ಊರಿನವರಿಗೆ ಹೊಟ್ಟೆಯುರಿಯಲು ಅಷ್ಟು ಸಾಕು.

"ಈ ಮಣ್ಣು ಯಾರದಲೇ ದುರುಗ್ಯಾ?" ಎಂದು ಹಂಪಣ್ಣ ಒಂದು ದಿನ ಹೊಲಕ್ಕೇ ಬಂದು ಕೇಳಿದ.

ಕರೆಮ್ಮನ ಗಂಡ ದುರುಗಪ್ಪ ತಲೆಯ ಟವಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. "ನಮ್ದ್ರೀ ಎಪ್ಪಾ."

"ನಿಮ್ದಾ? ನನ್ನ ಹೊಲ್ದಾಗಿಂದ ಹರಿದು ಬಂದಿದ್ದು ನಿಮ್ದು ಹೆಂಗಾತಲೇ ಭಾಡ್ಯಾ? ನಾಳೆ ನನ್ನ ಎಮ್ಮಿ ತಪ್ಪಿಸಿಕೊಂಡು ನಿನ್ನ ಗುಡಿಸಲಕ್ಕ ಬಂದ್ರ ಅದೂ ನಿಮ್ದೇ ಅಂತೀಯೇನು? ಹೊತ್ತು ಹಾಕ್ರಿ ವಾಪಸ್."

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ದುರುಗಪ್ಪ ನಕ್ಕ. ನಕ್ಕಿದ್ದಕ್ಕೆ ಕಪಾಳಕ್ಕೆ ಬಿತ್ತು. ಆ ಬೇಸಗೆಯಲ್ಲಿ ಗಂಡ ಹೆಂಡತಿ ತಮ್ಮ ಹೊಲದ ಮಣ್ಣನ್ನು ಬುಟ್ಟಿಯಲ್ಲಿ ತುಂಬಿ ಸಾವ್ಕಾರನ ಹೊಲಕ್ಕೆ ಹೊತ್ತರು. ಸಾವ್ಕಾರ ಕೊಡೆ ಹಿಡಿದುಕೊಂಡು ಕುಳಿತು ನೋಡಿದ. ಮುಂದಿನ ಮಳೆಗೆ ಆ ಮಣ್ಣು ಯಾರ ಅಪ್ಪಣೆಯನ್ನೂ ಕೇಳದೆ ಮತ್ತೆ ಕರೆಮ್ಮನ ಹೊಲಕ್ಕೇ ಬಂತು. ಆಗ ಹಂಪಣ್ಣನಿಗೆ ಗೊತ್ತಾಯಿತು: ಮಣ್ಣು ಹೊರಿಸಿ ಫಲವಿಲ್ಲ, ಮಣ್ಣನ್ನು ಹಿಡಿದಿರುವ ಗಿಡಗಳನ್ನೇ ತೆಗೆಸಬೇಕು.

ಅವನ ಆಳುಗಳು ಕೊಡಲಿ ಹಿಡಿದು ಬಂದರು. ಬಂಡಿಗೆ ಕಟ್ಟಿಗೆ ಬೇಕು ಎಂದರು. ಕರೆಮ್ಮ ಬೈದಳು, ಅತ್ತಳು, ಕಾಲಿಗೆ ಬಿದ್ದಳು. ಕೆಲವು ಬೇವಿನ ಮರಗಳು ಉರುಳಿದವು. ನಾಳೆ ಬನ್ನಿ ಮರಕ್ಕೆ ಕೊಡಲಿ ಎಂದು ಹೇಳಿ ಹೋದರು.

ಆ ಮುಸ್ಸಂಜೆ ಅವಳು ಹಳ್ಳಕ್ಕೆ ಹೋಗಿ ತಾನು ಅರಿವೆ ಒಗೆಯುವ ಕಲ್ಲನ್ನು ಕಿತ್ತಳು. ದುರುಗಪ್ಪ ಒಂದು ಕಡೆ, ಅವಳೊಂದು ಕಡೆ ಹಿಡಿದು ತಂದು ಬನ್ನಿಯ ಬುಡಕ್ಕೆ ನಿಲ್ಲಿಸಿದರು. ಅರಿಷಿಣ ಬಳಿದಳು, ಕುಂಕುಮ ಹಚ್ಚಿದಳು, ತನ್ನ ಕೈಯ ಹಸಿರು ಬಳೆ ತೆಗೆದು ಅದರ ತಲೆಗಿಟ್ಟಳು. ಬೆಳಿಗ್ಗೆ ಆಳುಗಳು ಬಂದಾಗ ಕರೆಮ್ಮ ಕೂದಲು ಕೆದರಿಕೊಂಡು ಬನ್ನಿಯ ಕೆಳಗೆ ಕೂತು ಹೂಂಕರಿಸುತ್ತಿದ್ದಳು.

"ನಾ ಬನ್ನಿ ಮಹಾಂಕಾಳಿ ಬಂದೀನಲೇ! ನನ್ನ ಗಿಡಕ್ಕ ಕೊಡ್ಲಿ ಹಚ್ಚಿದ ಸೂಳೆಮಗ ಹೊತ್ತು ಮುಣುಗೂದ್ರೊಳಗ ರಕ್ತ ಕಾರಿ ಸಾಯ್ಬೇಕು!"

ಕೊಡಲಿಗಳು ಹೆಗಲ ಮೇಲೇ ಉಳಿದವು. ಅವರಲ್ಲೊಬ್ಬ ಧೋತರ ಎತ್ತಿಕೊಂಡು ಓಡಿಯೇಬಿಟ್ಟ. ಗುಡಿಸಲಿಗೆ ಬಂದ ಮೇಲೆ ದುರುಗಪ್ಪ ನಕ್ಕು ನಕ್ಕು ಕೆಮ್ಮಿದ. "ನೀ ಹೂಂ ಅಂದಾಗ ನನಗೂ ಅಂಜಿಕಿ ಬಂತು ಬೇ" ಎಂದ. ಅವರ ಬಾಳಿನಲ್ಲಿ ಅಷ್ಟು ನಕ್ಕ ದಿನ ಬೇರೆ ಇರಲಿಲ್ಲ. ಕೇರಿಯವರಿಗೆ ಹೇಳಲಿಲ್ಲ, ಹೇಳಿದರೆ ಊರಿಗೆ ತಲುಪುತ್ತದೆ.

ಆದರೆ ದೇವರು ಮಾಡಿದವರ ಮಾತು ಕೇಳಿಕೊಂಡು ಇರುವ ಜಾತಿಯಲ್ಲ. ಮೊದಲು ಕೇರಿಯ ಹೆಂಗಸರು ಬಂದರು. ಆಮೇಲೆ ಊರಿನ ಹೆಂಗಸರು ಹೊತ್ತು ನೋಡಿ ಬಂದರು. ಸಾವ್ಕಾರನ ಸೊಸೆ ಶೇಖರಮ್ಮ ಬನ್ನಿಗೆ ತೊಟ್ಟಿಲು ಕಟ್ಟಿಹೋದಳು, ಅವಳಿಗೆ ಗಂಡು ಹುಟ್ಟಿತು. ಅಕಾಲದಲ್ಲಿ ಆಲಿಕಲ್ಲಿನ ಮಳೆ ಹೊಡೆದು ಸುತ್ತಲ ಬೆಳೆ ನೆಲ ಕಚ್ಚಿದಾಗ ಗಿಡಗಳ ಮರೆಯಲ್ಲಿದ್ದ ಕರೆಮ್ಮನ ಜೋಳ ಅರ್ಧ ಉಳಿಯಿತು. ಗಿಡಗಳು ಉಳಿಸಿದವು ಎಂದು ಯಾರೂ ಅನ್ನಲಿಲ್ಲ. ದೇವಿ ಉಳಿಸಿದಳು ಎಂದರು. ಕರೆಮ್ಮ ಮುಸಿಮುಸಿ ನಗುತ್ತ ಒಡೆದ ತೆಂಗಿನಕಾಯಿಯ ಹೋಳುಗಳನ್ನು ಸೆರಗಿಗೆ ಹಾಕಿಕೊಂಡು ಹೋದಳು. ಆ ನಗೆ ಅವಳಿಗೆ ಬಹಳ ತುಟ್ಟಿಯಾಯಿತು.

ಕೊಡಲಿ ಸೋತಲ್ಲಿಗೆ ಹಂಪಣ್ಣ ಕಾಯಿ ಕರ್ಪೂರ ಹಿಡಿದುಕೊಂಡು ಬಂದ. ಜೊತೆಗೆ ಮಠದ ಅಯ್ಯನವರನ್ನು ಕರೆತಂದಿದ್ದ. ಅಯ್ಯ ಕಣ್ಣು ಮುಚ್ಚಿದ, ಕಣ್ಣು ತೆಗೆದ, ಇದು ಸಾವಿರ ವರ್ಷದ ಶಕ್ತಿಸ್ಥಳ ಎಂದ. ಕಲ್ಲಿನ ಸುತ್ತ ಕಟ್ಟೆ ಎದ್ದಿತು. ಕಟ್ಟೆಯ ಸುತ್ತ, ಕಟ್ಟೆಯ ಸುತ್ತ ಮಾತ್ರವೇನು, ಇಡೀ ಹೊಲದ ಸುತ್ತ ಮುಳ್ಳುಬೇಲಿ ಬಿತ್ತು. ದೇವಿ ಇದ್ದ ನೆಲದಲ್ಲಿ ಕೇರಿಯವರು ನೇಗಿಲು ಹೊಡೆಯುವುದು ಮೈಲಿಗೆ ಎಂದು ತೀರ್ಮಾನವಾಯಿತು. ಹೊಲದ ಫಲವನ್ನೆಲ್ಲ ದೇವಿಯ ಹೆಸರಿನಲ್ಲಿ ಸಾವ್ಕಾರನೇ ನೋಡಿಕೊಳ್ಳುತ್ತಾನಂತೆ.

ಕರೆಮ್ಮ ಹಿರಿಯರು ಕೂತಿದ್ದ ಚಾವಡಿಯ ಮುಂದೆ ಬಿಸಿಲಿನಲ್ಲಿ ನಿಂತು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟಳು.

"ಎಪ್ಪಗಳಿರಾ, ಅದು ದೇವ್ರಲ್ರೀ. ಹಳ್ಳದಾಗ ನಾ ಅರಿವಿ ಒಗಿಯೋ ಕಲ್ಲು. ಕೊಡ್ಲಿ ಬೀಳ್ತೈತಿ ಅಂತ ಅಂಜಿ ನಾನೇ ತಂದು ಇಟ್ಟೀನಿ. ಮೈಮ್ಯಾಲೆ ಬಂದಿದ್ದೂ ಸುಳ್ಳು. ನನ್ನ ಮುಟ್ಟಿನ ಬಟ್ಟಿ, ಬಾಣಂತನದ ಬಟ್ಟಿ ಎಲ್ಲಾ ಅದರ ಮ್ಯಾಲೇ ಒಗದೀನಿ."

ಚಾವಡಿಯಲ್ಲಿ ಎದ್ದ ಗದ್ದಲ ಹೇಳತೀರದು. ಸುಳ್ಳು ಹೇಳಿದಾಗ ಕಾಲಿಗೆ ಬಿದ್ದವರು ನಿಜ ಹೇಳಿದಾಗ ಕೆರ ಕೈಗೆ ತೆಗೆದುಕೊಂಡರು. ಅಯ್ಯನಂತೂ ಕಿವಿ ಮುಚ್ಚಿಕೊಂಡು ನಡುಗುತ್ತಿದ್ದ. ನಡುಗದೆ ಏನು ಮಾಡುತ್ತಾನೆ, ಆ ಕಲ್ಲು ತೊಳೆದ ನೀರನ್ನು ಅವನು ಮನೆಮನೆಗೆ ತೀರ್ಥವೆಂದು ಕೊಟ್ಟಿದ್ದ.

"ಹೆಣ್ಮಗಳ ಮ್ಯಾಲೆ ಕೈ ಮಾಡಬ್ಯಾಡ್ರಿ" ಎಂದ ಹಂಪಣ್ಣ ದೊಡ್ಡ ಮನುಷ್ಯನಂತೆ. "ಗಂಡನ್ನ ಹಿಡೀರಿ."

ದುರುಗಪ್ಪನನ್ನು ಹಿಡಿದು ಅವನ ಕೆರವನ್ನೇ ಅವನ ತಲೆಯ ಮೇಲೆ ಹೊರಿಸಿದರು. ಬೇಲಿಯ ತನಕ ನಡೆಸಿಕೊಂಡು ಹೋಗಿ ಮಣ್ಣಿನಲ್ಲಿ ಮೂಗು ಉಜ್ಜಿಸಿದರು. ಹೇಳು ಎಂದರು. "ನನ್ನ ಹೆಂಡ್ತಿಗೆ ಹುಚ್ಚು ಹಿಡಿದೈತಿ. ದೇವಿ ಖರೇನೇ ಅದಾಳ" ಎಂದ ದುರುಗಪ್ಪ. ಜೋರಾಗಿ ಎಂದರು. ಜೋರಾಗಿ ಹೇಳಿದ. ಅವನ ಬಾಯೊಳಗೆ ಮಣ್ಣಿತ್ತು. ಕರೆಮ್ಮನಿಗೆ ಗಂಡನ ಮೇಲೆ ಸಿಟ್ಟು ಬರಲಿಲ್ಲ. ಕೆಟ್ಟ ಸಂಕಟವಾಯಿತು, ತನ್ನ ಬುದ್ಧಿವಂತಿಕೆಯ ಮೇಲೆ ಹೇಸಿಗೆಯಾಯಿತು.

ಇನ್ನೊಮ್ಮೆ ಮೈಮೇಲೆ ಬಂದಂತೆ ಮಾಡು, ಹೊಲ ಬಿಡ್ರಿ ಅಂತ ದೇವಿ ಬಾಯಿಂದಲೇ ಹೇಳಿಸು ಎಂದು ಕೇರಿಯ ಹೊನ್ನೂರಮ್ಮ ಕಿವಿಯಲ್ಲಿ ಹೇಳಿದಳು. ಕರೆಮ್ಮ ತಲೆ ಅಲ್ಲಾಡಿಸಿದಳು. "ಈಗ ಆಕಿ ಅಯ್ಯನ ಬಾಯಾಗ ಮಾತಾಡ್ತಾಳ ಬೇ. ನನ್ನ ಬಾಯಿಗೆ ಬರಾಂಗಿಲ್ಲ."

ಮೈಲಾರಲಿಂಗಪ್ಪ ಬುಟ್ಟಿ ಉರುಳಿಸಿದ ಮರುದಿನವೇ ಅವಳು ಲಿಂಗಸುಗೂರಿಗೆ ಹೋದಳು. ತಹಸೀಲಿನ ಬಾಗಿಲಲ್ಲಿ ಕೂತು ಕೂತು ಕೊನೆಗೆ ಒಬ್ಬ ಸಾಹೇಬನ ಮುಂದೆ ನಿಂತಳು. ಸಾಹೇಬ ಚಹಾ ಕುಡಿಯುತ್ತಿದ್ದ.

"ಹೊಲ ನಿಮ್ಮ ಹೆಸರಿಗೇ ಐತಿ. ಯಾರು ಇಲ್ಲ ಅಂದ್ರು? ಆದ್ರ ಅದರಾಗ ದೇವಸ್ಥಾನ ಐತಿ ಅಂತಾರಲ್ಲ."

"ದೇವಸ್ಥಾನ ಅಲ್ರೀ ಸಾಹೇಬ್ರ. ಕಲ್ಲು ಇಟ್ಟಾಕಿ ನಾನೇ."

"ನೀನೇ?"

"ಹೂನ್ರೀ. ಗಿಡ ಉಳೀಲಿ ಅಂತ ನಾನೇ ದೇವ್ರು ಮಾಡೀನಿ."

ಸಾಹೇಬನಿಗೆ ನಗು ತಡೆಯಲಾಗಲಿಲ್ಲ. ಪಕ್ಕದ ಗುಮಾಸ್ತನಿಗೂ ಕೇಳಲಿ ಎಂದು ಜೋರಾಗಿ ಹೇಳಿದ: "ಕೇಳಿದ್ರೇನ್ರೀ? ದೇವ್ರನ್ನ ಈಕೀನೇ ಮಾಡ್ಯಾಳಂತ! ನೋಡವ್ವಾ, ದೇವ್ರ ಜಗಳದಾಗ ಸರಕಾರ ಕೈ ಹಾಕಾಂಗಿಲ್ಲ. ಮಾಡಿದಾಕಿ ನೀನಲ್ಲಾ? ನೀನೇ ಬಗೀಹರಿಸ್ಕೊ ಹೋಗು."

ಗುಮಾಸ್ತನೂ ನಕ್ಕ. ಕರೆಮ್ಮ ನಗಲಿಲ್ಲ. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ 'ನೀನೇ ಬಗೀಹರಿಸ್ಕೊ' ಎಂಬ ಮಾತನ್ನೇ ಮನಸ್ಸಿನಲ್ಲಿ ಮಗುಚಿ ಹಾಕಿದಳು.

ಬಸ್ಸಿಳಿದು ಹಳ್ಳದ ದಾರಿ ಹಿಡಿಯುವಷ್ಟರಲ್ಲಿ ಕೊಡಲಿಯ ಸಪ್ಪಳ ಕೇಳಿಸಿತು. ಓಡಿದಳು. ಬೇಲಿಯ ಬಾಯಿಗೆ ಲಾರಿ ನಿಂತಿತ್ತು. ಸಿಂಧನೂರು ಕಡೆಯ ತೆಲುಗು ಮಂದಿಯ ಕ್ಯಾಂಪಿನಿಂದ ಬಂದ ಕಟ್ಟಿಗೆ ಗುತ್ತಿಗೆದಾರ ನರಸಣ್ಣ ಬೀಡಿ ಸೇದುತ್ತ ಆಳುಗಳಿಗೆ ಕೈ ತೋರಿಸುತ್ತಿದ್ದ. ಬದುವಿನ ಸಾಲು ನೆಲಕ್ಕೆ ಮಲಗಿತ್ತು. ಬೇವು ಹೋಗಿದೆ, ಜಾಲಿ ಹೋಗಿದೆ, ಅವಳು ಬಸ್ಸಿನ ಮೇಲೆ ಹೇರಿಕೊಂಡು ಬಂದ ಹೊಂಗೆ ಹೋಗಿದೆ. ನೆಲದ ತುಂಬ ಹಸಿ ಸೊಪ್ಪಿನ ವಾಸನೆ.

"ಗುಡಿ ಕಟ್ಟಾಕ ರೊಕ್ಕ ಬೇಕಲ್ಲ?" ಎಂದ ಹಂಪಣ್ಣ, ಅವಳು ಕೇಳುವ ಮೊದಲೇ. "ದೇವಿ ಗಿಡ, ದೇವಿ ಗುಡಿ. ಬನ್ನಿ ಮುಟ್ಟಿಲ್ಲ ನೋಡು. ನಿನ್ನ ಮಹಾಂಕಾಳಿ ಗಿಡ ನಿಂತೈತಿ. ನಾಳೆ ಪಾಯ ತೋಡ್ತೀವಿ. ಅಡ್ಡ ಬಂದು ಹುಚ್ಚಾಟ ಮಾಡಬ್ಯಾಡ."

ದುರುಗಪ್ಪ ಬೇಲಿಯ ಹೊರಗೆ ಕುಕ್ಕರುಗಾಲಿನಲ್ಲಿ ಕುಳಿತಿದ್ದ. ಬೆಳಿಗ್ಗೆಯಿಂದ ಹಾಗೆಯೇ ಕುಳಿತಿದ್ದನೋ ಏನೋ. ಕರೆಮ್ಮ ಅವನ ಮಗ್ಗುಲಿಗೆ ಕೂತಳು.

"ಪಾಯ ಬಿದ್ರ ಹೊಲ ಹೋತು" ಎಂದಳು. "ಗುಡಿ ಎದ್ದ ಮ್ಯಾಲೆ ಯಾವ ಸರಕಾರನೂ ಬಿಡಸಂಗಿಲ್ಲ."

"ಬನ್ನಿ ಆದ್ರೂ ಉಳೀತಲ್ಲ ಬೇ. ನಮ್ಮವ್ವ ಮುಳ್ಳು ಹಚ್ಚಿ ಬೆಳೆಸಿದ ಗಿಡ."

"ಬನ್ನಿ ಇದ್ರ ದೇವಿ. ದೇವಿ ಇದ್ರ ಗುಡಿ. ಬನ್ನಿ ಉಳಿದ್ರ ಹೊಲ ಉಳಿಯಂಗಿಲ್ಲ."

ದುರುಗಪ್ಪನಿಗೆ ಅವಳು ಏನು ಹೇಳುತ್ತಿದ್ದಾಳೆ ಎಂಬುದು ತಿಳಿಯಿತು. "ಬ್ಯಾಡ ಬೇ ಕರೀ" ಎಂದು ಅವಳ ಸೆರಗು ಹಿಡಿದ. ಅವಳು ಸೆರಗು ಬಿಡಿಸಿಕೊಂಡು ಎದ್ದಳು.

ನರಸಣ್ಣನ ಆಳುಗಳು ಬುತ್ತಿ ಬಿಚ್ಚಿ ಕೂತಿದ್ದರು. ಅವರ ಕೊಡಲಿಗಳು ಲಾರಿಯ ಗಾಲಿಗೆ ಒರಗಿದ್ದವು. ಒಂದನ್ನು ಎತ್ತಿಕೊಂಡು ಕರೆಮ್ಮ ಕೆರ ಮೆಟ್ಟಿಕೊಂಡೇ ಒಳಗೆ ಹೋದಳು. ಮೈಲಾರಲಿಂಗಪ್ಪ ಕೋಲು ಎತ್ತಿದ, ಅವಳ ಮುಖ ನೋಡಿ ಇಳಿಸಿದ. ಕಟ್ಟೆ ಹತ್ತಿದಳು. ಬನ್ನಿಯ ತೊಗಟೆಗೆ ಒಮ್ಮೆ ಅಂಗೈ ಒತ್ತಿದಳು. "ಅತ್ತಿ, ಬೈಕೋಬ್ಯಾಡ" ಎಂದಳು. ಕೊಡಲಿ ಬೀಸಿದಳು.

ಮೊದಲ ಏಟಿಗೆ ಎಲ್ಲರೂ ಎದ್ದು ನಿಂತರು.

"ಹಿಡೀರಲೇ ಆಕೀನ್ನ!" ಎಂದು ಹಂಪಣ್ಣ ಕೂಗಿದ. ಯಾರೂ ಅಲುಗಲಿಲ್ಲ. ದೇವಿಯ ಗಿಡಕ್ಕೆ ಕೊಡಲಿ ಹಾಕಿದವಳು ರಕ್ತ ಕಾರುತ್ತಾಳೆ, ಅವಳನ್ನು ಮುಟ್ಟಿದವನನ್ನೂ ದೇವಿ ಬಿಡುವಳೇ? "ಮಾಕು ವದ್ದು ಸ್ವಾಮೀ" ಎಂದು ನರಸಣ್ಣನ ಆಳುಗಳು ತಮ್ಮ ಭಾಷೆಯಲ್ಲಿ ಬೇಡವೆಂದು ಹಿಂದೆ ಸರಿದರು. ಅಯ್ಯನನ್ನು ಕರೆಸಿದರು. ಅವನು ಬೇಲಿಯಾಚೆಯೇ ನಿಂತು ಎರಡು ಕೈ ಮೇಲೆತ್ತಿದ.

"ಮುಟ್ಟಬ್ಯಾಡ್ರಿ! ತಾಯಿ ತಾನೇ ನೋಡ್ಕೋತಾಳ. ನೋಡ್ತಾ ಇರ್ರಿ, ಈಗ ರಕ್ತ ಕಾರ್ತಾಳ!"

ಊರಿಗೆ ಊರೇ ಬಂದು ಸುತ್ತ ನಿಂತಿತು. ಎಲ್ಲರ ಕಣ್ಣೂ ಅವಳ ಬಾಯಿಯ ಮೇಲೆ. ಹೆಂಗಸರು ಕೂಸುಗಳನ್ನು ಕಂಕುಳಲ್ಲಿಟ್ಟುಕೊಂಡು, ಗಂಡಸರು ಟವಲಿನಿಂದ ಬಿಸಿಲು ಮರೆಮಾಡಿಕೊಂಡು, ಒಂದು ಹೆಣ್ಣು ರಕ್ತ ಕಾರಿ ಸಾಯುವುದನ್ನು ನೋಡಲು ಕಾದರು. ಬನ್ನಿಯ ಕಟ್ಟಿಗೆ ಗಟ್ಟಿ. ಏಟು ಹಾಕಿದಷ್ಟೂ ಕೊಡಲಿ ಪುಟಿಯುತ್ತಿತ್ತು. ಅವಳ ಅಂಗೈ ಒಡೆದು ಕೊಡಲಿಯ ಕಾವಿಗೆ ರಕ್ತ ಹತ್ತಿತು, ಆದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ಅವರಿಗೆ ಬೇಕಾಗಿದ್ದು ಬಾಯಿಂದ ಬರುವ ರಕ್ತ. ಕರೆಮ್ಮ ಅಳುತ್ತಲೇ ಕಡಿದಳು. ಕಣ್ಣೀರು, ಸಿಂಬಳ, ಬೆವರು ಎಲ್ಲ ಒಂದಾಗಿ ಗಲ್ಲದಿಂದ ಇಳಿಯುತ್ತಿತ್ತು. ನಡುವೆ ನಿಂತು, ಕಟ್ಟೆಯ ಮೇಲೆ ಪೂಜೆಗೆಂದು ಇಟ್ಟಿದ್ದ ಕೊಡದ ನೀರನ್ನು ಎತ್ತಿ ಗಟಗಟ ಕುಡಿದಳು. ಜನರ ಬಾಯಿಂದ ಅಬಬಬ ಎಂಬ ಸದ್ದು ಬಂತು. ಅವಳು ಮತ್ತೆ ಕಡಿಯತೊಡಗಿದಳು.

ಹೊತ್ತು ಪಡುವಣಕ್ಕೆ ಇಳಿದಾಗ ಬನ್ನಿ ಒಮ್ಮೆ ನರಳಿತು. ಕಟ್ಟಿದ್ದ ತೊಟ್ಟಿಲುಗಳು, ಬಳೆಗಳು, ಕೆಂಪು ದಾರಗಳ ಸಮೇತ ಬೇಲಿಯ ಮೇಲೆ ಬಿತ್ತು. ಧೂಳು ಎದ್ದು ಅಡಗಿತು. ಕಟ್ಟೆಯ ಮೇಲೆ ಕಲ್ಲೊಂದೇ ಉಳಿದಿತ್ತು, ದೇವಿಯಾದ ಮೇಲೆ ಮೊದಲ ಸಲ ಬಿಸಿಲಿಗೆ ಬಿದ್ದಿತ್ತು.

ಕರೆಮ್ಮ ಜನರ ಕಡೆ ತಿರುಗಿ ಬಾಯಿ ತೆರೆದು ತೋರಿಸಿದಳು. "ಬರ್ರಿ ನೋಡ್ರಿ. ಎಲ್ಲೈತಿ ರಕ್ತ? ಏ ಅಯ್ಯಾ, ಬಂದು ನೋಡು ಬಾ."

ಅಯ್ಯ ಇರಲಿಲ್ಲ. ಯಾವಾಗ ಹೋದನೋ ಯಾರೂ ನೋಡಿರಲಿಲ್ಲ. ಹೆಂಗಸರಲ್ಲಿ ಒಬ್ಬೊಬ್ಬರೇ ಹಿಂದೆ ಸರಿದರು. ಹಂಪಣ್ಣನ ಮುಖ ಕಪ್ಪಿಟ್ಟಿತ್ತು. ದೇವಿಯ ಕೈಯಲ್ಲಿ ಆಗದ್ದಕ್ಕೆ ಅವನ ಹತ್ತಿರ ಬೇರೆ ದಾರಿ ಇತ್ತು. "ಸೈಕಲ್ ತಗೊಂಡು ಮಸ್ಕಿಗೆ ಹೋಗಲೇ" ಎಂದು ಮೈಲಾರಲಿಂಗಪ್ಪನಿಗೆ ಹೇಳಿದ. "ಕೇರಿ ಹೆಂಗಸು ದೇವಸ್ಥಾನ ಕೆಡಿವ್ಯಾಳ ಅಂತ ಫೌಜದಾರ್ರಿಗೆ ಹೇಳು. ಜೀಪು ತಗೊಂಡೇ ಬರ್ರಿ ಅನ್ನು."

ಸೈಕಲ್ಲು ಹಳ್ಳದ ಏರಿ ಹತ್ತಿ ಮರೆಯಾಗುವುದನ್ನು ಕರೆಮ್ಮ ನೋಡಿದಳು. ಒಡೆದ ಅಂಗೈಗೆ ಸೆರಗು ಸುತ್ತಿಕೊಂಡು ಕಟ್ಟೆಯಿಂದ ಇಳಿದಳು. ಕಟ್ಟೆ ಕಟ್ಟಿದವರು ಮರೆತು ಬಿಟ್ಟಿದ್ದ ಹಾರೆ ಅಲ್ಲಿಯೇ ಬಿದ್ದಿತ್ತು. ಅದನ್ನು ಎತ್ತಿ ಮೂಲೆಗಲ್ಲಿನ ಸಂದಿಗೆ ತುರುಕಿ ಮೈಭಾರವನ್ನೆಲ್ಲ ಹಾಕಿದಳು. ಕಲ್ಲು ಅಲುಗಲಿಲ್ಲ. ಗಾರೆ ಇನ್ನೂ ಹೊಸತು, ಆದರೂ ಬಿಡುತ್ತಿರಲಿಲ್ಲ. ಹಾರೆ ತೆಗೆದು ಇನ್ನಷ್ಟು ಕೆಳಗೆ ತುರುಕಿದಳು. ಕಟ್ಟೆ ನಿಂತಿದ್ದರೆ ಫೌಜದಾರನ ಕಣ್ಣಿಗೆ ಅದೇ ದೇವಸ್ಥಾನ; ಜೀಪು ಬರುವುದರೊಳಗೆ ಒಂದು ಮೂಲೆಯನ್ನಾದರೂ ಕಿತ್ತು ಹಾಕಬೇಕಾಗಿತ್ತು.